ಮಾರದೆ ಉಳಿದದ್ದು

ಕೈಮರ ದಾಟಿ ಎರಡನೇ ತಿರುವಿಗೆ ಆ ಹೋಟೆಲು.
ಸೋಮವಾರ, ಅಂಗಡಿಯಲ್ಲಿ ವ್ಯಾಪಾರ ಕಮ್ಮಿ.
ಮದುವೆಗೆ ಮೂವತ್ತು ತುಂಬಿತೆಂದು ಮಗಳು
ಫೋನಿನಲ್ಲೇ ಮೇಜು ಹಿಡಿದು, ನೀವಿಬ್ಬರೇ ಹೋಗಿ ಅಂದಳು.
ಮೇಜಿನ ಮೇಲೊಂದು ಚೀಟಿ: ಮಾನೋಜಿ ರಾವ್ ದಂಪತಿಗೆ.
ಇಷ್ಟು ವರ್ಷ ನಾನು ಬಾಯಿಬಿಟ್ಟು ಹೇಳದ ಹೆಸರು.
ಬರೆದವನು ಅವನು, ಹಸಿರು ಪೆನ್ನಿನಲ್ಲಿ; ನಾನಲ್ಲ.

ಹೊರಡುವ ಮುಂಚೆ ಇವರು ಎರಡು ಸಲ ಮಿಂದರು.
ಸೋಪು, ನಿಂಬೆ ಸಿಪ್ಪೆ, ಉಗುರಿನ ಸಂದಿಗೆ ಹಳೇ ಬ್ರಷ್ಷು.
ಆದರೂ ಆಟೋದಲ್ಲಿ ಕೈ ಮೂಸಿ ಮೂಸಿ ನೋಡಿಕೊಳ್ಳುವರು.
ಹೊಸತರಲ್ಲಿ ನನಗೂ ಬಡಿಯುತ್ತಿತ್ತು ಆ ವಾಸನೆ.
ಯಾವ ವರ್ಷ ನಿಂತಿತೋ, ನೆನಪಿಲ್ಲ.

ರಟ್ಟಿನ ಪುಸ್ತಕ ತೆರೆದರೆ
ಬೆಲೆಯ ಮುಂದೆ ರೂಪಾಯಿ ಅಂತಲೂ ಇಲ್ಲ,
ಮನೆ ನಂಬರಿನ ಹಾಗೆ ಬರೀ ಅಂಕಿ: ೧೮೦೦.
'ಮೂರು ಮೂಳೆಗಾ?' ಅಂದರು.
ಮೆಲ್ಲಗೇ ಅಂದದ್ದು; ಆದರೆ ಅದು ಮಾರ್ಕೆಟ್ಟಿನ ಮೆಲ್ಲಗೆ,
ಪಕ್ಕದ ಮೇಜು ಪೂರಾ ತಿರುಗಿತು.
'ಇಷ್ಟಕ್ಕೆ ಎರಡು ಕೇಜಿ ತೂಗಿ ಲಿವರೂ ಹಾಕ್ತೀನಲ್ಲೇ.'

ಬಿಳಿ ಅಂಗಿಯ ಹುಡುಗ ಬಗ್ಗಿದ:
'ಹೇಗಿರಲಿ ಸರ್? ರೇರ್? ಮೀಡಿಯಂ? ವೆಲ್ ಡನ್?'
ಇವರು ನನ್ನ ಮುಖ ನೋಡಿದರು.
ಕೊರಡಿನ ಹಿಂದೆ ನಿಂತು ಕೇಳುವವರು ಇವರೇ ತಾನೆ,
ತೊಡೆ ಕೊಡಲಾ, ಎದೆ ಕೊಡಲಾ, ಕೊಬ್ಬು ಇರಲಾ ತೆಗೆಯಲಾ.
ಇವರಿಗೆ ಏನು ಬೇಕೆಂದು ಕೇಳಿದವರಿಲ್ಲ.
'ಹ್ಯಾಗಾದರೂ...' ಎಂದು ತೊಡಗಿ, ನಿಂತು,
ಬೆನ್ನು ನೆಟ್ಟಗೆ ಮಾಡಿ,
'ಒಳಗೆ ಸ್ವಲ್ಪ ಕೆಂಪಿರಲಿ. ಅವಳಿಗೆ ಚೆನ್ನಾಗಿ ಬೇಯಲಿ.'
ತಡೀರಿ ಅಂದೆ. ನನ್ನನ್ನೂ ಕೇಳಲಿ.
ಹುಡುಗ ಕೇಳಿದ.
ನನಗೂ ಕೆಂಪೇ ಅಂದೆ, ಬರೀ ಹಟಕ್ಕೆ.

ತಟ್ಟೆ ಬಂತು. ಇವರು ತಿನ್ನಲಿಲ್ಲ, ಓದಿದರು.
'ಕುರಿ. ವರ್ಷ ತುಂಬಿಲ್ಲ. ಪಕ್ಕೆ, ಎಂಟರಿಂದ ಹತ್ತು.
ಮಿಷನ್ನಿನಲ್ಲಿ ಕುಯ್ದಿದ್ದಾರೆ, ನೋಡು, ಮೂಳೆಯ ಪುಡಿ.'

ನಮ್ಮ ಮನೆಗೆ ಬರುತ್ತಿದ್ದದ್ದು
ಭಾನುವಾರ ಒಂದು ಗಂಟೆಗೆ ಕೊಕ್ಕೆಯಲ್ಲಿ ಉಳಿದದ್ದು.
ತಲೆ, ಕಾಲು, ಬೋಟಿ. ವ್ಯಾಪಾರ ಕೆಟ್ಟರೆ ಕೊರಳು.
ಚಾಪ್ಸು ಡಾಕ್ಟರ ಮನೆಗೆ, ಎಸ್ಟೇಟಿನ ಜೀಪಿಗೆ.
ಕುರಿಯ ಬಗ್ಗೆ ನಾಲ್ಕು ಸಾಲು ಬರೆಯಿರಿ ಅಂದದ್ದಕ್ಕೆ
ಎರಡನೇ ಕ್ಲಾಸಿನ ನಮ್ಮ ಹುಡುಗಿ ಬರೆದಿದ್ದಳು:
ಕುರಿಗೆ ತಲೆ ಇದೆ. ನಾಲ್ಕು ಕಾಲಿವೆ. ಕರುಳಿದೆ.
ನಡುವೆ ಇರುವುದು ಬೇರೆಯವರದು.
ಟೀಚರು ಕೆಂಪು ಗೆರೆ ಎಳೆದಿದ್ದರು.
ಆ ಪುಸ್ತಕ ನನ್ನ ಟ್ರಂಕಿನಲ್ಲಿದೆ.

ನಾಲ್ಕೇ ಏಟಿಗೆ ಬೆನ್ನುಮೂಳೆ ಬಿಡಿಸುವ ಕೈ
ಹಲ್ಲಿನ ಪುಟ್ಟ ಚಾಕುವನ್ನು ಬಳಪದಂತೆ ಹಿಡಿಯಿತು.
ತಟ್ಟೆ ಕಿರ್ರೆಂದಿತು. ತುಂಡು ಜಾರಿ ನನ್ನ ಸೆರಗಿಗೆ.
ಸುತ್ತ ಒಂದು ಸಲ ನೋಡಿ, ಮೂಳೆಯನ್ನು ಕೈಗೆತ್ತಿಕೊಂಡು,
ಕಣ್ಣು ಮುಚ್ಚಿದರು.
ಆಮೇಲೆ ಬಹಳ ಹೊತ್ತು ನಾವು ಮಾತಾಡಲಿಲ್ಲ.
ಮೇಣದ ಬತ್ತಿ ಒಂದು ಬೆರಳಷ್ಟು ಕರಗಿತು.
ಕೆಂಪು ನನಗೆ ಸೇರಲಿಲ್ಲ. ಹೇಳಲಿಲ್ಲ.

ಅಡುಗೆಯವನು ಬಂದ, ಸಖರಾಯಪಟ್ಟಣದ ಕಡೆಯ ಹುಡುಗ.
ಹೇಗಿದೆ ಅಂಕಲ್?
'ಬೆಂದದ್ದು ಬಂಗಾರ. ಕುಯ್ದದ್ದು ಪಾಪ.
ಬೆಳಿಗ್ಗೆ ಐದಕ್ಕೆ ಮಾರ್ಕೆಟ್ಟಿಗೆ ಬಾ, ಕತ್ತಿ ಮಸೆಯೋದು ತೋರಿಸ್ತೀನಿ.'
ಹುಡುಗ ನಕ್ಕ, ನಿಜಕ್ಕೂ ಬರುವವನಂತೆ.

ಒಂದು ಮೂಳೆ ಮುಟ್ಟದೆ ಬಿಟ್ಟಿದ್ದರು.
ಯಾಕೆ? 'ಅಭ್ಯಾಸ,' ಅಂದರು. 'ಮನೆಗೆ ಏನಾದರೂ ಉಳೀಬೇಕಲ್ಲ.'
ಬೆಳ್ಳಿ ಕಾಗದದ ಪೊಟ್ಟಣ ಇಳಿಜಾರಿನುದ್ದಕ್ಕೂ
ನನ್ನ ತೊಡೆಯ ಮೇಲೆ ಬೆಚ್ಚಗೆ.
ದೂರ ಕೆಳಗೆ ಊರಿನ ದೀಪ, ಕೆಲವು ಇದ್ದವು, ಕೆಲವು ಇರಲಿಲ್ಲ.

ಅವತ್ತು ಕೈಗೆ ನಿಂಬೆ ಹಚ್ಚಲಿಲ್ಲ ಇವರು.
ಹಾಗೇ ಮಲಗಿದರು.
ಬೆಣ್ಣೆ, ಹೊಗೆ, ಯಾವುದೋ ಪರದೇಶದ ಸೊಪ್ಪು:
ಕತ್ತಲಲ್ಲಿ ಆ ಕೈಯನ್ನು ಹತ್ತಿರಕ್ಕೆಳೆದು ಮೂಸಿದೆ,
ಪಕ್ಕದಲ್ಲಿರುವುದು ಯಾರೋ ಏನೋ ಎಂಬಂತೆ.